ಗೈಡ್‌ಗಳಿಗೂ ಡ್ರೈವರ್‌ಗಳಿಗೂ ಆನ್‌ಲೈನ್ ಪಾಠ: ಬೇಲೂರಿನಿಂದ ಕಂಡಂತೆ

ಬೇಲೂರು-ಹಳೇಬೀಡಿನಲ್ಲಿ ಪ್ರವಾಸಿಗರನ್ನು ನಂಬಿ ಬದುಕುವವರಿಗೆ ವರ್ಷವೆಂದರೆ ಎರಡೇ ಕಾಲ. ನವೆಂಬರ್‌ನಿಂದ ಜನವರಿಯವರೆಗೆ ಶಾಲಾ ಪ್ರವಾಸದ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ, ಗೈಡ್‌ಗಳಿಗೆ ಊಟಕ್ಕೂ ಬಿಡುವಿರುವುದಿಲ್ಲ. ಮುಂಗಾರು ಹಿಡಿದುಕೊಂಡ ಮೇಲೆ ವಾರಾಂತ್ಯ ಬಿಟ್ಟರೆ ಉಳಿದ ದಿನಗಳಲ್ಲಿ ದೇವಾಲಯದ ಅಂಗಳದಲ್ಲಿ ಮಳೆಯ ನೀರಷ್ಟೇ ಇರುತ್ತದೆ. ಹೊಸದನ್ನು ಕಲಿಯಲು ಪುರುಸೊತ್ತು ಸಿಗುವುದು ಆ ಮಳೆಗಾಲದಲ್ಲಿ, ಕೈಯಲ್ಲಿ ದುಡ್ಡಿಲ್ಲದಿರುವುದೂ ಅದೇ ಮಳೆಗಾಲದಲ್ಲಿ. ತರಬೇತಿಗೆಂದು ಬೆಂಗಳೂರಿಗೋ ಮೈಸೂರಿಗೋ ಹೋಗಿ, ಬಾಡಿಗೆ ಕೋಣೆ ಹಿಡಿದು ವಾರಗಟ್ಟಲೆ ಉಳಿಯುವುದು ದಿನದ ದುಡಿಮೆಯವರಿಂದ ಆಗುವ ಮಾತಲ್ಲ. ಈ ಒಂದು ಕಾರಣಕ್ಕಾದರೂ ಪ್ರವಾಸೋದ್ಯಮದ ಕೆಲಸಗಾರರಿಗೆ ಆನ್‌ಲೈನ್ ತರಬೇತಿ ಬಂದದ್ದು ಬಹಳ ಒಳ್ಳೆಯದಾಯಿತೆಂದು ನಾನು ನಂಬಿದ್ದೇನೆ. ಇತಿಹಾಸದ ಪಾಠ ಹೇಳಿ ನಿವೃತ್ತನಾದ ಮೇಲೆ, ಈ ಭಾಗದ ಗೈಡ್‌ಗಳು, ಹೋಮ್‌ಸ್ಟೇ ನಡೆಸುವವರು ಮತ್ತು ಟ್ಯಾಕ್ಸಿ ಓಡಿಸುವವರ ಜೊತೆ ಕುಳಿತು ಇಂತಹ ಕೋರ್ಸ್‌ಗಳನ್ನು ನೋಡುವ, ಅರ್ಥವಾಗದ್ದನ್ನು ಬಿಡಿಸಿ ಹೇಳುವ ಕೆಲಸವನ್ನು ಇಷ್ಟಪಟ್ಟು ಮಾಡುತ್ತ ಬಂದಿದ್ದೇನೆ. ಈ ತರಬೇತಿಯಲ್ಲಿ ಏನು ಚೆನ್ನಾಗಿದೆ, ಏನು ಸಾಲದು ಎಂಬುದನ್ನು ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಆನ್‌ಲೈನ್ ಕಲಿಕೆ ನಮ್ಮವರಿಗೆ ಪರಿಚಯವಾದದ್ದು ಕೊರೊನಾ ಕಾಲದಲ್ಲಿ. ಪುರಾತತ್ವ ಇಲಾಖೆಯ ಸ್ಮಾರಕಗಳು 2020ರ ಮಾರ್ಚ್ ಮಧ್ಯಭಾಗದಲ್ಲಿ ಮುಚ್ಚಿದವು, ಮತ್ತೆ ತೆರೆಯಲು ಜುಲೈ 6ರವರೆಗೆ ಕಾಯಬೇಕಾಯಿತು. ಮರುವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಇನ್ನೊಮ್ಮೆ ಬಾಗಿಲು ಹಾಕಿದರು. ಎರಡನೆಯ ಅಲೆಯ ಬಳಿಕ, 2021ರ ಜೂನ್‌ನಲ್ಲಿ, ಕೇಂದ್ರ ಸರ್ಕಾರವು ಪರವಾನಗಿ ಹೊಂದಿದ ಗೈಡ್‌ಗಳಿಗೆ 1 ಲಕ್ಷ ರೂಪಾಯಿಯವರೆಗೆ ಸರ್ಕಾರದ್ದೇ ಖಾತರಿಯಿರುವ ಸಾಲವನ್ನು ಪ್ರಕಟಿಸಿತು. ಪರವಾನಗಿ ಎಂಬ ಕಾಗದಕ್ಕೆ ಎಷ್ಟು ಬೆಲೆಯಿದೆ ಎಂಬುದು ಹಲವರಿಗೆ ಮನದಟ್ಟಾದದ್ದು ಆಗಲೇ. ವರ್ಷಗಟ್ಟಲೆ ದೇವಾಲಯ ತೋರಿಸುತ್ತ ಬಂದಿದ್ದರೂ ಯಾವ ದಾಖಲೆಯಲ್ಲೂ ಹೆಸರಿಲ್ಲದವರು ಅಂತಹ ನೆರವಿನ ಲೆಕ್ಕಕ್ಕೆ ಬರಲಿಲ್ಲ.

ಸ್ಮಾರಕಗಳು ಮೊದಲ ಸಲ ಮುಚ್ಚುವುದಕ್ಕೆ ತುಸು ಮೊದಲು, 2020ರ ಆರಂಭದಲ್ಲಿ, ಪ್ರವಾಸೋದ್ಯಮ ಸಚಿವಾಲಯವು 'ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್' ಎಂಬ ಆನ್‌ಲೈನ್ ಪ್ರಮಾಣಪತ್ರದ ಕೋರ್ಸನ್ನು ಆರಂಭಿಸಿತ್ತು. ಮನೆಯಲ್ಲೇ ಕುಳಿತು, ತಮಗೆ ಅನುಕೂಲವಾದ ಹೊತ್ತಿನಲ್ಲಿ ಪಾಠ ನೋಡಿ ಪರೀಕ್ಷೆ ಬರೆಯಬಹುದೆಂಬ ಅದರ ಕಲ್ಪನೆ ನನಗೆ ಆಗಲೂ ಸರಿಯೆನಿಸಿತ್ತು, ಈಗಲೂ ಸರಿಯೆನಿಸುತ್ತದೆ. ಏಪ್ರಿಲ್‌ನಲ್ಲಿ 'ದೇಖೋ ಅಪ್ನಾ ದೇಶ್' ವೆಬಿನಾರ್ ಸರಣಿ ಶುರುವಾಯಿತು. ಹೋಟೆಲುಗಳ ಸ್ವಚ್ಛತೆಯ ಬಗ್ಗೆ 'ಸಾಥಿ' ಎಂಬ ಕಾರ್ಯಕ್ರಮವೂ ಅದೇ ವರ್ಷ ಬಂತು. ಇವುಗಳ ಜೊತೆಗೆ ಕಾಲೇಜುಗಳು ಮತ್ತು ಖಾಸಗಿ ಸಂಸ್ಥೆಗಳು ಲೆಕ್ಕವಿಲ್ಲದಷ್ಟು ವೆಬಿನಾರ್‌ಗಳನ್ನು ನಡೆಸಿದವು. ನಮ್ಮ ಗೈಡ್‌ಗಳು ಅವುಗಳನ್ನೆಲ್ಲ ಆಸೆಯಿಂದ ನೋಡಿದರು. ಹಾಜರಾತಿಗೆ ಬಂದ ಪಿಡಿಎಫ್ ಪ್ರಮಾಣಪತ್ರಗಳು ಮೊಬೈಲ್‌ನಲ್ಲಿ ತುಂಬಿದವು. ಸ್ಮಾರಕಗಳು ತೆರೆದ ಮೇಲೆ ಆ ಪ್ರಮಾಣಪತ್ರಗಳನ್ನು ತೋರಿಸಿ ಎಂದು ಪ್ರವಾಸಿಗರೂ ಕೇಳಲಿಲ್ಲ, ಟ್ರಾವೆಲ್ ಏಜೆಂಟರೂ ಕೇಳಲಿಲ್ಲ. ಕಲಿತದ್ದಕ್ಕೂ ಗಳಿಕೆಗೂ ನಂಟು ಕಾಣದಿದ್ದಾಗ ಕಲಿಯುವ ಹುರುಪು ಇಳಿಯುವುದು ಸಹಜ. ಅದನ್ನು ಕೆಲಸಗಾರರ ಸೋಮಾರಿತನವೆಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಗೈಡ್‌ಗೆ ನಿಜವಾಗಿ ಏನು ಕಲಿಸಬೇಕು? ಕೋರ್ಸ್ ರೂಪಿಸುವವರಲ್ಲಿ ಹೆಚ್ಚಿನವರು ಮೊದಲು ಯೋಚಿಸುವುದು ವಂದಿಸುವ ರೀತಿ, ಉಡುಪು, ನಗುಮುಖ, 'ಅತಿಥಿ ದೇವೋಭವ'ದ ಕುರಿತು. ಇವು ಬೇಡವೆಂದಲ್ಲ. ಆದರೆ ಬೇಲೂರಿನ ಗೈಡ್ ಅತಿಥಿಯನ್ನು ಹೇಗೆ ಮಾತನಾಡಿಸಬೇಕೆಂಬುದನ್ನು ಯಾರಿಂದಲೂ ಕಲಿಯಬೇಕಿಲ್ಲ. ಅವನಿಗೆ ಬೇಕಿರುವುದು ತಾನು ದಿನವೂ ತೋರಿಸುವ ಕಲ್ಲಿನ ಬಗ್ಗೆ ಇನ್ನಷ್ಟು ಆಳವಾದ ತಿಳಿವಳಿಕೆ. ಇಂದಿನ ಪ್ರವಾಸಿಗರು ಖಾಲಿ ತಲೆಯಲ್ಲಿ ಬರುವುದಿಲ್ಲ, ಬಸ್ಸಿನಲ್ಲೇ ನಾಲ್ಕು ಯೂಟ್ಯೂಬ್ ವಿಡಿಯೊ ನೋಡಿಕೊಂಡು ಬಂದಿರುತ್ತಾರೆ. ತಿರುಗಣೆಗೆ ಕೊಟ್ಟು ಕಡೆದಂತೆ ಹೊಳೆಯುವ ನವರಂಗದ ಕಂಬಗಳನ್ನು ಕಂಡೊಡನೆ, ಆ ಕಾಲದಲ್ಲೇ ವಿದ್ಯುತ್ ಯಂತ್ರಗಳಿದ್ದವಂತೆ, ಹೌದೇ ಎಂದು ಕೇಳುತ್ತಾರೆ. ಅದಕ್ಕೆ ಹೌದೆಂದು ತಲೆಯಾಡಿಸುವುದು ಸುಲಭ, ಮತ್ತು ಹಾಗೆ ತಲೆಯಾಡಿಸಿದರೆ ಟಿಪ್ಸ್ ಕೂಡ ಹೆಚ್ಚು ಸಿಗಬಹುದು. ಕ್ಲೋರೈಟ್ ಶಿಸ್ಟ್ ಎಂದು ಭೂವಿಜ್ಞಾನಿಗಳು ಕರೆಯುವ ಬಳಪದ ಕಲ್ಲು ಎಷ್ಟು ಮೃದು, ಗ್ರಾನೈಟ್‌ನಲ್ಲಿ ಆಗದ ನವುರಾದ ಕೆತ್ತನೆ ಇದರಲ್ಲಿ ಏಕೆ ಸಾಧ್ಯವಾಯಿತು, ಕಂಬವನ್ನು ತಿರುಗಿಸುತ್ತ ಉಳಿ ಹಿಡಿದು ಕಡೆಯುವುದೆಂದರೇನು ಎಂಬುದನ್ನು ಮೂರು ಮಾತಿನಲ್ಲಿ ವಿವರಿಸಬಲ್ಲ ಗೈಡ್, ಪ್ರವಾಸಿಗರ ಬೆರಗನ್ನು ಕಡಿಮೆ ಮಾಡದೆಯೇ ಅವರನ್ನು ಸತ್ಯದ ಹತ್ತಿರ ತರುತ್ತಾನೆ. ತರಬೇತಿ ಮಾಡಬೇಕಾದ ಕೆಲಸ ಇದು.

ಜಕಣಾಚಾರಿಯ ಕಥೆಯನ್ನೇ ನೋಡಿ. ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಜಕಣನ ಕಥೆ, ಮಗ ಡಂಕಣ ತಪ್ಪು ತೋರಿಸಿದ ಕಥೆ, ಕಲ್ಲಿನೊಳಗಿನ ಕಪ್ಪೆಯ ಕಥೆ ಹೇಳದೆ ಬೇಲೂರನ್ನು ತೋರಿಸಿ ಮುಗಿಸಲು ಯಾರಿಗೂ ಮನಸ್ಸಾಗುವುದಿಲ್ಲ, ಮುಗಿಸಲೂಬಾರದು. ಅದು ನಮ್ಮ ಜನರ ಕಥೆ. ಆದರೆ ಅದೇ ಆವರಣದಲ್ಲಿ, ಮದನಿಕೆಯರ ಪೀಠದಲ್ಲಿ, ಹನ್ನೆರಡನೆಯ ಶತಮಾನದ ಕನ್ನಡ ಅಕ್ಷರಗಳಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಅವರ ಬಿರುದುಗಳು, ಊರು, ವಂಶ ಎಲ್ಲವೂ ಅಲ್ಲಿವೆ. ಸೋಮನಾಥಪುರಕ್ಕೆ ಹೋದರೆ, 1258ರ ಆ ದೇವಾಲಯದ ಗೋಡೆಯಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಭಾರತದ ಕಲಾ ಇತಿಹಾಸದಲ್ಲಿ ಶಿಲ್ಪಿಯ ಹೆಸರು ಹೀಗೆ ಉಳಿದುಬಂದಿರುವುದು ಅಪರೂಪ. ಕಥೆಯನ್ನು ಕಥೆಯಾಗಿ ಹೇಳಿ, ಆಮೇಲೆ ತಲೆಯೆತ್ತಿಸಿ ಆ ಅಕ್ಷರಗಳನ್ನು ಬೆರಳು ಮಾಡಿ ತೋರಿಸುವ ಗೈಡ್ ಪ್ರವಾಸಿಗರಿಗೆ ಎರಡು ಸಂಪತ್ತನ್ನು ಕೊಟ್ಟಂತಾಯಿತು. ಅಕ್ಷರಗಳನ್ನು ಓದಲು ಕಲಿತ ಗೈಡೊಬ್ಬರು, ನನಗಿಂತ ಬಹಳ ಚಿಕ್ಕವರು, ಶಾಲಾ ಮಕ್ಕಳಿಂದ 'ದಾಸೋಜ' ಎಂಬ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿಸುವುದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು.

ಇದನ್ನು ಕಲಿಯಲು ಬೇಕಾದ ಸಾಮಗ್ರಿ ಬಹುಮಟ್ಟಿಗೆ ಅಂತರ್ಜಾಲದಲ್ಲೇ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಜಿಲ್ಲೆಯ ಸಂಪುಟ 1902ರದು. ಕನ್ನಡ ಅಕ್ಷರದ ಪಾಠ ಮತ್ತು ಇಂಗ್ಲಿಷ್ ಅನುವಾದ ಎರಡೂ ಅದರಲ್ಲಿವೆ, ಅದನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ರಾಜ್ಯ ಸರ್ಕಾರದ 'ಕಣಜ' ಜಾಲತಾಣದಲ್ಲಿ ಕನ್ನಡದ ಬರಹಗಳಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳೂ ತಿಳಿಯುವಂತೆ ಮಾಡುತ್ತಿರುವುದು ಬಹಳ ದೊಡ್ಡ ಕೆಲಸ. ಆದರೆ ಐನೂರು ಪುಟದ ಪಿಡಿಎಫ್ ಒಂದನ್ನು ಗೈಡ್ ಕೈಗಿತ್ತು ಓದಿಕೋ ಎಂದರೆ ಅದು ತರಬೇತಿಯಾಗುವುದಿಲ್ಲ. ಅದರಿಂದ ಅವನು ದಿನವೂ ನಿಲ್ಲುವ ಎರಡು ಶಾಸನಗಳನ್ನು ಆರಿಸಿ, ಒಂದೊಂದಕ್ಕೆ ಹತ್ತು ನಿಮಿಷದ ಪಾಠ ಮಾಡಿ, ಮರುದಿನ ಕಲ್ಲಿನ ಮುಂದೆಯೇ ಅದನ್ನು ಓದಿಸಬೇಕು. ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಈ ಅಗತ್ಯ ಹೆಚ್ಚಿದೆ. ಪಟ್ಟಿಗೆ ಸೇರಿಸಲು ಕಾರಣವಾದ ಗುಣವಿಶೇಷಗಳು ಯಾವುವು ಎಂದು ವಿದೇಶದಿಂದ ಬಂದವರು ಕೇಳಿದಾಗ ಉತ್ತರಿಸಬೇಕಾದವನು ಸ್ಥಳದಲ್ಲಿರುವ ಗೈಡ್.

ಹಂಪಿಯ ಗೈಡ್‌ಗಳ ಪಾಡೂ ಇದೇ. ಕಮಲ ಮಹಲ್, ರಾಣಿಯರ ಸ್ನಾನಗೃಹ ಎಂಬ ಹೆಸರುಗಳು ಸಾಮ್ರಾಜ್ಯ ಅಳಿದ ಎಷ್ಟೋ ಕಾಲದ ಮೇಲೆ ರೂಢಿಗೆ ಬಂದವು, ಆ ಕಟ್ಟಡಗಳು ನಿಜಕ್ಕೂ ಯಾವ ಬಳಕೆಯಲ್ಲಿದ್ದವು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಷ್ಟನ್ನು ಹೇಳುವ ಧೈರ್ಯ ಗೈಡ್‌ಗೆ ಬರಬೇಕಾದರೆ ಓದಿನ ಬೆಂಬಲ ಬೇಕು. ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ತಟ್ಟಬಾರದೆಂಬ ನಿಯಮವನ್ನು ಪ್ರವಾಸಿಗರಿಗೆ ನಯವಾಗಿ, ಕಾರಣಸಹಿತ ಹೇಳುವುದೂ ಕಲಿತು ಬರುವ ವಿದ್ಯೆಯೇ.

ಇನ್ನು ಭಾಷೆಯ ವಿಷಯ. ನಾನು ನೋಡಿದ ಕೋರ್ಸ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷಿನಲ್ಲಿ ಪ್ರವಾಸಿಗರ ಜೊತೆ ಸಲೀಸಾಗಿ ಮಾತನಾಡುವ ಗೈಡ್ ಕೂಡ ಇಂಗ್ಲಿಷಿನ ಪಠ್ಯವನ್ನು ಪರೀಕ್ಷೆಗಾಗಿ ಓದುವಾಗ ತಡವರಿಸುವುದನ್ನು ಕಂಡಿದ್ದೇನೆ. ಮಾತಿನ ಇಂಗ್ಲಿಷ್ ಅವನು ಗಿರಾಕಿಗಳಿಂದ ಕೇಳಿ ಕಲಿತದ್ದು, ಪಠ್ಯದ ಇಂಗ್ಲಿಷ್ ಅವನಿಗೆ ಸಂಬಂಧವಿಲ್ಲದ್ದು. ವಿಷಯವನ್ನು ಕನ್ನಡದಲ್ಲಿ ಅರಗಿಸಿಕೊಂಡು, ಆಮೇಲೆ ಅದನ್ನು ಇಂಗ್ಲಿಷ್, ಹಿಂದಿ, ಮರಾಠಿ ಅಥವಾ ತಮಿಳಿನಲ್ಲಿ ಹೇಳುವುದನ್ನು ಅಭ್ಯಾಸ ಮಾಡುವುದು ಸರಿಯಾದ ಕ್ರಮ. ಈಗ ನಡೆಯುತ್ತಿರುವುದು ಅದಕ್ಕೆ ತಲೆಕೆಳಗು. ಕನ್ನಡದ ಶಿಲ್ಪಶಾಸ್ತ್ರದ ಪದಗಳಾದ ಜಗತಿ, ಅಧಿಷ್ಠಾನ, ನವರಂಗ, ಭುವನೇಶ್ವರಿ ಎಂಬವು ನಮ್ಮ ಗೈಡ್‌ಗಳ ನಾಲಿಗೆಯಲ್ಲಿವೆ. ಅವುಗಳನ್ನೇ ಇಂಗ್ಲಿಷಿನ ಪಠ್ಯದಲ್ಲಿ ಬೇರೆ ಬೇರೆ ಅನುವಾದಗಳಲ್ಲಿ ಓದಿದಾಗ ತಮಗೆ ಗೊತ್ತಿರುವ ವಿಷಯವೇ ಅಪರಿಚಿತವಾಗಿ ಕಾಣುತ್ತದೆ. ಕನ್ನಡದಲ್ಲಿ ಕೋರ್ಸ್ ಕೊಡುವುದನ್ನು ಔದಾರ್ಯವೆಂದು ಯಾರೂ ಭಾವಿಸಬೇಕಿಲ್ಲ, ಕಲಿಕೆ ತಲೆಗೆ ಹತ್ತಬೇಕಾದರೆ ಬೇರೆ ದಾರಿಯಿಲ್ಲ.

ಪ್ರವಾಸೋದ್ಯಮದ ತರಬೇತಿ ಎಂದೊಡನೆ ನಾವು ಗೈಡ್‌ಗಳನ್ನಷ್ಟೇ ನೆನೆಯುತ್ತೇವೆ. ಮೂಡಿಗೆರೆ, ಸಕಲೇಶಪುರದ ಕಡೆಯ ಹೋಮ್‌ಸ್ಟೇಗಳಲ್ಲಿ ಅತಿಥಿಗಳಿಗೆ ಅಡುಗೆ ಮಾಡಿ, ಹಾಸಿಗೆ ಹಾಸಿ, ಮನೆಯ ವಾತಾವರಣವನ್ನು ಉಳಿಸಿಕೊಡುವವರು ಹೆಂಗಸರು. ತರಬೇತಿಗೆ ನೋಂದಣಿಯಾಗುವುದು ಮಾತ್ರ ಗಂಡಸರ ಹೆಸರಿನಲ್ಲಿ. ಇದರ ಹಿಂದೆ ಒಂದು ಸಣ್ಣ ತಾಂತ್ರಿಕ ಕಾರಣವೂ ಇದೆ. ಮನೆಯ ವ್ಯವಹಾರಕ್ಕೆಲ್ಲ ಕೊಟ್ಟಿರುವುದು ಗಂಡನ ಮೊಬೈಲ್ ಸಂಖ್ಯೆ, ಒಟಿಪಿ ಬರುವುದು ಅದಕ್ಕೆ, ಆ ಮೊಬೈಲ್ ತೋಟದಲ್ಲೋ ಪೇಟೆಯಲ್ಲೋ ಇರುತ್ತದೆ. ಮಧ್ಯಾಹ್ನ ಅಡುಗೆಮನೆಯ ಕೆಲಸ ಮುಗಿದು ಅರ್ಧ ಗಂಟೆ ಬಿಡುವು ಸಿಕ್ಕಾಗ ಲಾಗಿನ್ ಆಗುವುದೇ ಸಾಧ್ಯವಿಲ್ಲ. ಕೋರ್ಸ್ ರೂಪಿಸಿದವರಿಗೆ ಇದು ಹೊಳೆದಿರಲಿಕ್ಕಿಲ್ಲ, ಆದರೆ ಒಬ್ಬ ಗೃಹಿಣಿ ಕಲಿಯುತ್ತಾಳೋ ಇಲ್ಲವೋ ಎಂಬುದು ಇಷ್ಟರಿಂದಲೇ ತೀರ್ಮಾನವಾಗಿಬಿಡುತ್ತದೆ. ಒಂದು ಮನೆಯಿಂದ ಇಬ್ಬರ ಹೆಸರಿನಲ್ಲಿ ನೋಂದಣಿಗೆ ಅವಕಾಶ ಕೊಟ್ಟು, ಒಮ್ಮೆ ಲಾಗಿನ್ ಆದ ಮೇಲೆ ಪಾಠಗಳನ್ನು ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದೆಯೂ ನೋಡುವಂತೆ ಮಾಡಿದರೆ ಘಟ್ಟದ ಮೇಲಿನ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಅವರು ಕಲಿಯಬೇಕಾದದ್ದು ಬಹಳಷ್ಟಿದೆ, ಕಲಿಯಲು ಅವರಿಗೆ ಆಸಕ್ತಿಯೂ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 'ಫಾಸ್ಟ್ಯಾಕ್' ತರಬೇತಿ 2017ರಿಂದ ನಡೆಯುತ್ತಿದೆ. ಲೈಸೆನ್ಸ್ ಇರುವ ಆಹಾರೋದ್ಯಮದಲ್ಲಿ ಪ್ರತಿ 25 ಕೆಲಸಗಾರರಿಗೆ ಕನಿಷ್ಠ ಒಬ್ಬ ತರಬೇತಿ ಪಡೆದ ಮೇಲ್ವಿಚಾರಕ ಇರಬೇಕೆಂಬುದು ಅದರ ಆಶಯ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು, 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣಾಂಶದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ, ಹಸಿ ಮಾಂಸ ಹೆಚ್ಚಿದ ಮಣೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚಬಾರದು ಎಂಬಂತಹ ವಿಷಯಗಳನ್ನು ಅವರ ಅಡುಗೆಮನೆಯಲ್ಲೇ ಚಿತ್ರೀಕರಿಸಿದ ಐದು ನಿಮಿಷದ ವಿಡಿಯೊ ಎಷ್ಟು ಚೆನ್ನಾಗಿ ಕಲಿಸುತ್ತದೆಯೋ ಸಭಾಂಗಣದ ಭಾಷಣ ಅಷ್ಟು ಕಲಿಸಲಾರದು. ರಾತ್ರಿ ತಡವಾಗಿ ಬರುವ ಅತಿಥಿಗಳಿಗೆಂದು ಸಂಜೆಯೇ ಮಾಡಿಟ್ಟ ಕೋಳಿ ಸಾರನ್ನು ಏನು ಮಾಡಬೇಕು ಎಂಬುದು ಅವರ ನಿಜವಾದ ಪ್ರಶ್ನೆ. ಪಾಠ ಅಲ್ಲಿಂದ ಶುರುವಾಗಬೇಕು.

ಪ್ರವಾಸಿಗರ ಜೊತೆ ಅತಿ ಹೆಚ್ಚು ಹೊತ್ತು ಇರುವವರು ಯಾರು? ಡ್ರೈವರ್. ಬೆಂಗಳೂರಿನಿಂದ ಹೊರಟು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮುಗಿಸಿ ಚಿಕ್ಕಮಗಳೂರು ಸೇರುವವರೆಗೆ ಊಟ ಎಲ್ಲಿ, ಶೌಚಾಲಯ ಎಲ್ಲಿ ಶುಚಿಯಾಗಿದೆ, ಈ ಹೊತ್ತಿಗೆ ಯಾವ ದಾರಿ ಸುರಕ್ಷಿತ ಎಂಬುದನ್ನೆಲ್ಲ ಅವರು ಕೇಳುವುದು ಡ್ರೈವರನ್ನೇ. ಗೈಡ್ ಬರುವುದು ಒಂದು ಗಂಟೆಗೆ, ಡ್ರೈವರ್ ಇರುವುದು ಮೂರು ದಿನ. ಆದರೂ ಡ್ರೈವರ್‌ಗಳಿಗೆಂದೇ ಯೋಚಿಸಿ ಮಾಡಿದ ಪಾಠಗಳು ಬಹಳ ಕಡಿಮೆ. ಅತಿಥಿಗಳು ದೇವಾಲಯ ನೋಡುತ್ತಿರುವಾಗ ಪಾರ್ಕಿಂಗ್‌ನಲ್ಲಿ ಕಾಯುವ ಆ ಹೊತ್ತು ಕಲಿಕೆಗೆ ಹೇಳಿ ಮಾಡಿಸಿದಂತಿದೆ. ನೋಡುವ ಪಾಠಕ್ಕಿಂತ ಕೇಳುವ ಪಾಠ ಅವರಿಗೆ ಹೊಂದುತ್ತದೆ. ಸೀಟು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡು, ಇಯರ್‌ಫೋನ್‌ನಲ್ಲಿ ಹದಿನೈದು ನಿಮಿಷ ಕೇಳಬಹುದು. ಒಂಟಿಯಾಗಿ ಪ್ರಯಾಣ ಮಾಡುವ ಹೆಣ್ಣುಮಕ್ಕಳ ಜೊತೆ ಹೇಗೆ ನಡೆದುಕೊಳ್ಳಬೇಕು, ಯಾವ ಪ್ರಶ್ನೆಗಳನ್ನು ಕೇಳಬಾರದು, ಅತಿಥಿಗೆ ಎದೆನೋವು ಬಂದರೆ ಮೊದಲು ಯಾರಿಗೆ ಕರೆ ಮಾಡಬೇಕು ಎಂಬುದು ಅವರ ಪಾಠದಲ್ಲಿ ಬರಲೇಬೇಕು. ಗಾಲಿಕುರ್ಚಿಯಲ್ಲಿ ಬಂದ ಅತಿಥಿಯನ್ನು ಎತ್ತುವ ಮೊದಲು ಅವರನ್ನೇ ಕೇಳಬೇಕೆಂಬ ಸರಳ ಸಂಗತಿ ಎಷ್ಟೋ ಮಂದಿಗೆ ತಿಳಿದಿಲ್ಲ, ತಿಳಿಸಿದರೆ ಕೂಡಲೇ ರೂಢಿಸಿಕೊಳ್ಳುತ್ತಾರೆ.

ಪರದೆಯ ಮೇಲೆ ಕಲಿಸಲಾಗದ ವಿದ್ಯೆಗಳೂ ಇವೆ, ಅವುಗಳನ್ನು ಆನ್‌ಲೈನ್ ಕೋರ್ಸಿನಲ್ಲಿ ಸೇರಿಸಿ ಕಲಿಸಿದೆವು ಎನ್ನುವುದು ಅಪಾಯ. ಹೃದಯ ನಿಂತವರಿಗೆ ಎದೆಯೊತ್ತುವಿಕೆ ಮಾಡುವಾಗ ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕೆಂದು ವಿಡಿಯೊ ಹೇಳಬಲ್ಲದು. 5 ಸೆಂಟಿಮೀಟರ್ ಒತ್ತಲು ಎಷ್ಟು ಬಲ ಬೇಕು, ಎರಡು ನಿಮಿಷದಲ್ಲಿ ತೋಳು ಎಷ್ಟು ಸೋಲುತ್ತದೆ ಎಂಬುದು ಬೊಂಬೆಯ ಮೇಲೆ ಕೈಯಿಟ್ಟು ಒತ್ತಿದವನಿಗೆ ಮಾತ್ರ ಗೊತ್ತಾಗುತ್ತದೆ. ಹರಿಗೋಲು ಮಗುಚಿದಾಗ ಏನು ಮಾಡಬೇಕೆಂಬುದನ್ನು ಹಂಪಿಯ ಅಂಬಿಗರು ನೀರಿನಲ್ಲೇ ಅಭ್ಯಾಸ ಮಾಡಬೇಕು. ಅರವತ್ತು ಮಕ್ಕಳ ಗುಂಪಿಗೆ ಮೈಕ್ ಇಲ್ಲದೆ ಕೇಳಿಸುವಂತೆ, ಗಂಟಲು ಕೆಡದಂತೆ ಮಾತನಾಡುವ ರೀತಿಯನ್ನು ಅನುಭವಸ್ಥ ಗೈಡ್ ಪಕ್ಕದಲ್ಲಿ ನಿಂತು ತಿದ್ದಬೇಕು. ಆದ್ದರಿಂದ ವಿಷಯದ ಪಾಠ ಮೊಬೈಲ್‌ನಲ್ಲಿ, ಕೈಯ ಅಭ್ಯಾಸ ತಾಲ್ಲೂಕು ಕೇಂದ್ರದಲ್ಲಿ ಎಂದು ಹಂಚಿಕೊಳ್ಳುವುದು ಉತ್ತಮ. ಅಭ್ಯಾಸಕ್ಕೆ ಬರುವ ಎರಡು ದಿನದ ದುಡಿಮೆಯ ನಷ್ಟವನ್ನು ತರಬೇತಿ ಕೊಡುವವರು ತುಂಬಿಕೊಡಬೇಕು, ಅದನ್ನು ಕಲಿಯುವವನ ಮೇಲೆ ಹೊರಿಸಬಾರದು.

ಪರೀಕ್ಷೆಯ ರೀತಿಯೂ ಬದಲಾಗಬೇಕು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆ ನೆನಪನ್ನು ಅಳೆಯುತ್ತದೆ. ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದನೆಂಬುದನ್ನು ಗುರುತಿಸಿದವನು ಅದನ್ನು ಹತ್ತು ವರ್ಷದ ಹುಡುಗಿಗೆ ಆಸಕ್ತಿ ಹುಟ್ಟುವಂತೆ ಹೇಳಬಲ್ಲನೇ ಎಂಬುದು ಅದರಿಂದ ತಿಳಿಯುವುದಿಲ್ಲ. ಗೈಡ್ ತಾನು ಆರಿಸಿಕೊಂಡ ಒಂದು ಶಿಲ್ಪದ ಮುಂದೆ ನಿಂತು ಐದು ನಿಮಿಷ ವಿವರಿಸುವ ವಿಡಿಯೊವನ್ನು ಕಳಿಸಲಿ, ಅದನ್ನು ಒಬ್ಬ ವಿದ್ವಾಂಸ ಮತ್ತು ಒಬ್ಬ ಹಿರಿಯ ಗೈಡ್ ನೋಡಿ, ಸರಿ-ತಪ್ಪುಗಳನ್ನು ಅವನ ಭಾಷೆಯಲ್ಲಿ ಹೇಳಿ ಕಳಿಸಲಿ. ಹೀಗೆ ಮೌಲ್ಯಮಾಪನ ಮಾಡಲು ಹೆಚ್ಚು ಜನ, ಹೆಚ್ಚು ಹಣ ಬೇಕಾಗುವುದು ನಿಜ. ಆದರೆ ಇಂತಹ ಪ್ರಮಾಣಪತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬರುತ್ತದೆ, ಏಕೆಂದರೆ ಆ ವಿಡಿಯೊವನ್ನು ಟ್ರಾವೆಲ್ ಏಜೆಂಟರೂ ನೋಡಬಹುದು. ಕೋರ್ಸ್ ಮುಗಿಸಿದವರ ಹೆಸರನ್ನು ಪ್ರವಾಸಿಗರು ಹುಡುಕಿ ಕಾಯ್ದಿರಿಸಲು ಸಾಧ್ಯವಾಗುವಂತೆ ಪಟ್ಟಿ ಮಾಡಿ ಪ್ರಕಟಿಸಿದರೆ ಕಲಿಕೆಗೂ ಗಳಿಕೆಗೂ ನಂಟು ಬೆಳೆಯುತ್ತದೆ.

ಈ ಮಳೆಗಾಲಕ್ಕೆ ನಾವು ಕೆಲವರು ಸೇರಿ ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಬೇಕೆಂದಿದ್ದೇವೆ. ಬೇರೆ ಆ್ಯಪ್ ಏನೂ ಬೇಡ, ಎಲ್ಲರ ಮೊಬೈಲ್‌ನಲ್ಲೂ ಇರುವ ವಾಟ್ಸ್‌ಆ್ಯಪ್ ಸಾಕು. ವಾರಕ್ಕೊಂದು ಪಾಠ, ಕನ್ನಡದಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚಿಲ್ಲದ ಧ್ವನಿಮುದ್ರಿಕೆ ಮತ್ತು ಎರಡು ಚಿತ್ರಗಳು. ಮೊದಲ ಪಾಠ ಮದನಿಕೆಯರ ಕೆಳಗಿನ ಹೆಸರುಗಳ ಬಗ್ಗೆ, ಎರಡನೆಯದು ಬಳಪದ ಕಲ್ಲಿನ ಬಗ್ಗೆ, ಮೂರನೆಯದನ್ನು ಹೋಮ್‌ಸ್ಟೇ ನಡೆಸುವ ಹೆಣ್ಣುಮಕ್ಕಳು ತಮ್ಮ ಪ್ರಶ್ನೆಗಳನ್ನು ಕಳಿಸಿದ ಮೇಲೆ ತೀರ್ಮಾನಿಸುತ್ತೇವೆ. ಧ್ವನಿ ನನ್ನದಾಗಿರುವುದಿಲ್ಲ, ಪಾಠವನ್ನು ಓದಿ ಒಪ್ಪಿದ ಮೇಲೆ ಗೈಡ್‌ಗಳೇ ಸರದಿಯಲ್ಲಿ ಮಾತನಾಡುತ್ತಾರೆ. ಶಾಸನದ ಪಾಠ ಸರಿಯಿದೆಯೇ ಎಂದು ನೋಡಿಕೊಡಲು ಶಾಸನ ಬಲ್ಲವರು, ಪ್ರಥಮ ಚಿಕಿತ್ಸೆಯ ಅಭ್ಯಾಸಕ್ಕೆ ಬೊಂಬೆಯನ್ನು ಎರವಲು ಕೊಡಬಲ್ಲ ನರ್ಸಿಂಗ್ ಕಾಲೇಜಿನವರು ಯಾರಾದರೂ ಹಾಸನ, ಚಿಕ್ಕಮಗಳೂರಿನ ಕಡೆ ಇದ್ದರೆ ನಮ್ಮ ಜೊತೆ ಸೇರಬೇಕೆಂದು ಕೇಳಿಕೊಳ್ಳುತ್ತೇನೆ. ಶಾಲಾ ಪ್ರವಾಸದ ಬಸ್ಸುಗಳು ಬರುವ ಮೊದಲು ಮೊದಲ ಸುತ್ತಿನ ಪಾಠಗಳನ್ನು ಮುಗಿಸುವ ಆಲೋಚನೆ ನಮ್ಮದು.